ಬದುಕಿರುವವರ ಬಗ್ಗೆ ವಿಕಿಪೀಡಿಯದಲ್ಲಿ ಬರೆಯುವಾಗ ಉಲ್ಲೇಖ ಒಂದು ಇದ್ದರೆ ಸಾಕಾ?

ತಿದ್ದುಪೆನ್ಸಿಲ್:
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದು ಪುಟ ನನ್ನ ತಲೆ ತಿನ್ನುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬದುಕಿರುವ ಒಬ್ಬ ರಾಜಕಾರಣಿಯ ಪುಟ ಅದು. ಹೆಸರು ಬೇಡ, ಹೇಳಿದರೆ ಮಾತೆಲ್ಲ ಆ ಮನುಷ್ಯನ ಕಡೆಗೇ ತಿರುಗುತ್ತದೆ. ನಿನ್ನೆ ಕೂತು ಪ್ಯಾರಾ ಎಣಿಸಿದೆ. ಒಟ್ಟು 19. ಅದರಲ್ಲಿ 11 ಪ್ಯಾರಾ ಒಂದೇ ವಿವಾದದ ಮೇಲೆ, ಅದೂ ಹತ್ತು ದಿನ ಸುದ್ದಿಯಲ್ಲಿದ್ದು ತಣ್ಣಗಾದದ್ದು. ಮೂವತ್ತು ವರ್ಷದ ಕೆಲಸಕ್ಕೆ ನಾಲ್ಕು ಪ್ಯಾರಾ.

ಕೊನೆಯಲ್ಲಿ ಒಂದು ಸಾಲು: "ಇವರ ಆಸ್ತಿಯ ಬಗ್ಗೆ ಹಲವು ಅನುಮಾನಗಳಿವೆ ಎಂದು ಹೇಳಲಾಗುತ್ತದೆ. ಆದರೆ ಇದುವರೆಗೆ ಏನೂ ಸಾಬೀತಾಗಿಲ್ಲ." ಪಕ್ಕದಲ್ಲಿ ಉಲ್ಲೇಖದ ಪುಟ್ಟ ಅಂಕಿ ಇದೆ. ಒತ್ತಿ ನೋಡಿದರೆ ಯಾವುದೋ ಒಂದು ಸೈಟು. ಅದರಲ್ಲಿ ಇರುವುದು ವಿಕಿಪೀಡಿಯದ ಇದೇ ಪುಟದ ನಕಲು, ಅಕ್ಷರ ತಪ್ಪಿನ ಸಮೇತ.

ಆ ಸಾಲನ್ನು ತೆಗೆದೆ. ಒಂದು ಗಂಟೆಯೊಳಗೆ ವಾಪಸ್ ಬಂತು. "ಉಲ್ಲೇಖ ಇದೆಯಲ್ಲ, ಯಾಕೆ ತೆಗೆದಿರಿ" ಅಂತ ಕಾರಣ ಬರೆದಿದ್ದರು. ಮತ್ತೆ ತೆಗೆದೆ, ಮತ್ತೆ ಬಂತು. ಅಷ್ಟರಲ್ಲಿ ಅಭಿಮಾನಿಗಳ ಗುಂಪು ಬಂದು ವಿವಾದದ ಭಾಗವನ್ನೇ ಪೂರ್ತಿ ಅಳಿಸಿ, ಮೊದಲ ಸಾಲಿಗೆ "ಜನಮೆಚ್ಚಿದ ಧೀಮಂತ ನಾಯಕ" ಅಂತ ಸೇರಿಸಿತು. ಈಗ ಎರಡೂ ಕಡೆಯವರು ನನ್ನನ್ನು ಎದುರು ಪಕ್ಷದವಳು ಅನ್ನುತ್ತಿದ್ದಾರೆ. ನಾನು ಮಾಡಿದ್ದು ಸರಿಯಾ? ಮುಂದೆ ಏನು ಮಾಡಲಿ?

ಹಳೇ ಸಂಪಾದಕ:
ಮೇಡಂ, ತೆಗೆದದ್ದು ನೂರಕ್ಕೆ ನೂರು ಸರಿ. ಬದುಕಿರುವವರ ಬಗ್ಗೆ ಕೆಡುಕು ಹೇಳುವ ಸಾಲಿಗೆ ಆಧಾರ ಇಲ್ಲದಿದ್ದರೆ, ಅಥವಾ ಆಧಾರ ಪೊಳ್ಳಾಗಿದ್ದರೆ, ಚರ್ಚೆಗೆ ಕಾಯದೆ ತೆಗೆಯಬಹುದು. ಇಂಗ್ಲಿಷ್ ವಿಕಿಪೀಡಿಯದ ನಿಯಮ ಹೀಗೇ ಇದೆ. ಒಂದು ದಿನದಲ್ಲಿ ಮೂರಕ್ಕಿಂತ ಜಾಸ್ತಿ ಸಲ ಬೇರೆಯವರ ಬದಲಾವಣೆ ರದ್ದು ಮಾಡಬಾರದು ಅನ್ನುವ ಕಟ್ಟು ಇದೆಯಲ್ಲ, ಅದರಿಂದಲೂ ಇಂಥ ಸಾಲಿಗೆ ವಿನಾಯಿತಿ ಇದೆ. ಆದರೂ ಸುಮ್ನೆ ಹಗ್ಗಜಗ್ಗಾಟ ಮಾಡಬೇಡಿ. ಎರಡು ಸಲ ಆದ ಮೇಲೆ, ಪ್ರತಿ ಪುಟದ ಜೊತೆಗೂ ಇರುವ ಚರ್ಚೆ ಪುಟದಲ್ಲಿ ಬರೆದು ನಿರ್ವಾಹಕರಿಗೆ ಹೇಳಿ.

ಈ ನಿಯಮ ಯಾಕೆ ಬಂತು ಅನ್ನುವುದನ್ನು ಹೊಸಬರೆಲ್ಲ ತಿಳಿದಿರಬೇಕು. 2005ರ ಮೇ ತಿಂಗಳಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಪುಟಕ್ಕೆ ಯಾರೋ ಖಾತೆ ಇಲ್ಲದೆ ಬಂದು ಸುಳ್ಳು ಸೇರಿಸಿದರು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿ, ಅವರ ತಮ್ಮ ರಾಬರ್ಟ್ ಕೆನಡಿ ಇಬ್ಬರ ಕೊಲೆಯಲ್ಲೂ ಇವರ ನೇರ ಕೈವಾಡ ಇತ್ತೆಂದು ಸ್ವಲ್ಪ ಕಾಲ ನಂಬಲಾಗಿತ್ತು, ಆದರೆ ಏನೂ ಸಾಬೀತಾಗಲಿಲ್ಲ ಅಂತ. 1971ರಿಂದ 1984ರವರೆಗೆ ಸೋವಿಯತ್ ಒಕ್ಕೂಟದಲ್ಲಿ ಇದ್ದರು ಅಂತಲೂ ಇತ್ತು. ಎಲ್ಲಾ ಕಟ್ಟುಕಥೆ. ನಿಜಕ್ಕೂ ಅವರು ರಾಬರ್ಟ್ ಕೆನಡಿಯ ಸಹಾಯಕರಾಗಿದ್ದವರು, ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು. ಆ ಬರಹ ನಾಲ್ಕು ತಿಂಗಳು ಹಾಗೇ ಇತ್ತು. ಅದನ್ನು ನಕಲು ಮಾಡಿದ ಬೇರೆ ಸೈಟುಗಳಲ್ಲಿ ಇನ್ನೂ ಜಾಸ್ತಿ ದಿನ ಇತ್ತು. 78ನೇ ವಯಸ್ಸಿನಲ್ಲಿ ಅವರು ಅದೇ ನವೆಂಬರ್‌ನಲ್ಲಿ ಪತ್ರಿಕೆಗೆ ಬರೆದು ಹೇಳಿಕೊಳ್ಳಬೇಕಾಯಿತು. ಮುಂದಿನ ತಿಂಗಳೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ಖಾತೆ ಇಲ್ಲದವರು ಹೊಸ ಪುಟ ಶುರು ಮಾಡುವುದನ್ನು ನಿಲ್ಲಿಸಿದರು. ಬದುಕಿರುವವರ ಜೀವನಚರಿತ್ರೆಗೆ ಬೇರೆಯೇ ನಿಯಮ ಹುಟ್ಟಿದ್ದೂ ಆ ಡಿಸೆಂಬರ್‌ನಲ್ಲೇ.

ನಿಮ್ಮ ಪುಟದ ಸಾಲು ನೋಡಿ. "ಏನೂ ಸಾಬೀತಾಗಿಲ್ಲ." ಸೀಗೆಂಥಾಲರ್ ಪುಟದಲ್ಲೂ ಇದೇ ಬಾಲ ಇತ್ತು. ಓದುವವರಿಗೆ ಇದು ನ್ಯಾಯವಾದ ಮಾತಿನಂತೆ ಕಾಣುತ್ತದೆ, ಬರೆದವರು ಎರಡೂ ಕಡೆ ನೋಡಿದ್ದಾರೆ ಅನಿಸುತ್ತದೆ. ಆದರೆ ಕೆಸರು ಎರಚುವುದು ಮೊದಲ ಸಾಲಿನಲ್ಲೇ ಮುಗಿದಿರುತ್ತದೆ. ಯಾರೂ ಮಾಡದ ಆರೋಪಕ್ಕೆ "ಸಾಬೀತಾಗಿಲ್ಲ" ಅಂತ ಬರೆದರೆ, ಆರೋಪ ಒಂದಿತ್ತು ಅನ್ನುವುದನ್ನೇ ನಾವು ಹುಟ್ಟಿಸಿದ ಹಾಗಾಗುತ್ತದೆ.

ಎದುರುಪ್ರಶ್ನೆ:
ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಈ ನಿಯಮ ಬಡಪಾಯಿಯನ್ನು ಕಾಯುವುದಕ್ಕೆ ಬಂದದ್ದು. ಈಗ ಅಧಿಕಾರದಲ್ಲಿ ಇರುವವರು ಇದನ್ನೇ ಗುರಾಣಿ ಮಾಡಿಕೊಂಡಿದ್ದಾರೆ. ಏನು ಬರೆದರೂ "ಬದುಕಿರುವ ವ್ಯಕ್ತಿ, ತೆಗೆಯಿರಿ" ಅನ್ನುತ್ತಾರೆ. 2006ರಲ್ಲಿ ಏನಾಯಿತು ಗೊತ್ತಲ್ವಾ? ಅಮೆರಿಕದ ಸಂಸತ್ತಿನ ಕಚೇರಿಗಳ ಐಪಿ ವಿಳಾಸದಿಂದಲೇ ಸದಸ್ಯರ ಪುಟಗಳನ್ನು ತಿದ್ದಿದ್ದು ಗೊತ್ತಾಯಿತು. ಈಡೇರಿಸದ ಮಾತುಗಳನ್ನು ಅಳಿಸಿ ಆ ಜಾಗದಲ್ಲಿ ಹೊಗಳಿಕೆ ತುಂಬಿದ್ದರು. ಮೇಡಂ ಹೇಳಿದ ಅಭಿಮಾನಿಗಳ ಗುಂಪು ನಿಜಕ್ಕೂ ಅಭಿಮಾನಿಗಳಾ, ಸಂಬಳಕ್ಕೆ ಇರುವವರಾ? ನನಗೆ ಆ ಕಡೆಯ ಭಯವೇ ಜಾಸ್ತಿ. ಕೆಟ್ಟದ್ದನ್ನು ಬರೆಯುವವರು ಬೇಗ ಸಿಕ್ಕಿಬೀಳುತ್ತಾರೆ. ಒಳ್ಳೆಯದನ್ನು ಮಾತ್ರ ಬರೆಯುವವರನ್ನು ಯಾರೂ ಕೇಳುವುದಿಲ್ಲ.

ಹಳೇ ಸಂಪಾದಕ:
ಸರಿಯಾದ ಪ್ರಶ್ನೆ ಸರ್. ಆದರೆ ನಿಯಮವನ್ನು ಅರ್ಧ ಓದಿದರೆ ಮಾತ್ರ ಅದು ಗುರಾಣಿ ಆಗುತ್ತದೆ. ಸಾರ್ವಜನಿಕ ವ್ಯಕ್ತಿಯ ಮೇಲಿನ ಆರೋಪವನ್ನು ಒಂದಕ್ಕಿಂತ ಹೆಚ್ಚು ನಂಬಿಕೆಯ ಕಡೆ ವರದಿ ಮಾಡಿದ್ದರೆ, ಅದು ಅವರ ಬದುಕಿನಲ್ಲಿ ಮುಖ್ಯವಾಗಿದ್ದರೆ, ಆ ವ್ಯಕ್ತಿಗೆ ಎಷ್ಟೇ ಇಷ್ಟ ಇಲ್ಲದಿದ್ದರೂ ಅದು ಪುಟದಲ್ಲಿ ಇರಲೇಬೇಕು. ಅವರು ಅಲ್ಲಗಳೆದಿದ್ದರೆ ಆ ಮಾತೂ ಅಲ್ಲೇ ಇರಬೇಕು. ಬಂಧನ ಆದರೆ ಬಂಧನ ಅಂತ ಬರೆಯಿರಿ, ಆರೋಪಪಟ್ಟಿ ಸಲ್ಲಿಸಿದರೆ ಹಾಗಂತ ಬರೆಯಿರಿ, ಕೋರ್ಟು ತೀರ್ಪು ಕೊಡುವ ತನಕ ಅಪರಾಧಿ ಅನ್ನಬೇಡಿ. ಸಾಮಾನ್ಯ ಜನರ ವಿಷಯದಲ್ಲಿ ಆರೋಪವನ್ನು ಬರೆಯಬೇಕಾ ಅನ್ನುವುದನ್ನೇ ಎರಡು ಸಲ ಯೋಚಿಸಬೇಕು. ಮಂತ್ರಿಯ ವಿಷಯದಲ್ಲಿ ಅಷ್ಟು ಮರ್ಯಾದೆ ಬೇಕಾಗಿಲ್ಲ.

ಇನ್ನು ಸಂಬಳಕ್ಕೆ ಬರೆಯುವವರು. 2014ರಿಂದ, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ನಿನ ಬಳಕೆಯ ಷರತ್ತಿನಲ್ಲೇ ಇದೆ, ದುಡ್ಡು ತೆಗೆದುಕೊಂಡು ಬರೆದರೆ ಯಾರಿಗಾಗಿ ಅಂತ ಹೇಳಲೇಬೇಕು. ಎಲ್ಲರೂ ಹೇಳುವುದಿಲ್ಲ ಅನ್ನುವುದು ನನಗೂ ಗೊತ್ತು. ತಮ್ಮ ಪುಟವನ್ನು ತಾವೇ ತಿದ್ದುವ ಆಸೆ ಎಂಥವರಿಗೂ ಬರುತ್ತದೆ. ವಿಕಿಪೀಡಿಯ ಕಟ್ಟಿದ ಜಿಮ್ಮಿ ವೇಲ್ಸ್ ಅವರೇ 2005ರಲ್ಲಿ ತಮ್ಮ ಪುಟವನ್ನು ಹಲವು ಸಲ ತಿದ್ದಿದ್ದರು. ಲ್ಯಾರಿ ಸ್ಯಾಂಗರ್ ಅವರನ್ನು ಸಹಸ್ಥಾಪಕ ಅಂತ ಕರೆದ ಮಾತುಗಳನ್ನು ತೆಗೆದಿದ್ದರು. ಯಾರು ಯಾವಾಗ ಏನು ತಿದ್ದಿದರು ಅನ್ನುವ ಪಟ್ಟಿ, ಅಂದರೆ ಪುಟದ ಇತಿಹಾಸದಲ್ಲಿ ಎಲ್ಲಾ ದಾಖಲಾಗಿತ್ತು, ಸುದ್ದಿಯೂ ಆಯಿತು. ಆಮೇಲೆ ಅವರೇ ಹಾಗೆ ಮಾಡಬಾರದಿತ್ತು ಅಂತ ಒಪ್ಪಿದರು.

ಸುದ್ದಿಮನೆ:
ನಾನು ಪತ್ರಿಕೆಯಲ್ಲಿ ಕೆಲಸ ಮಾಡುವವಳು. "ನಂಬಿಕೆಯ ಕಡೆ ವರದಿ" ಅಂದಿರಲ್ಲ, ಅದರ ಬಗ್ಗೆ ಹೇಳಬೇಕು. ನಮ್ಮ ಕಡೆಯಿಂದಲೂ ತಪ್ಪು ಆಗುತ್ತದೆ, ಅದೂ ನಿಮ್ಮ ಪುಟ ನೋಡಿಕೊಂಡೇ ಆಗುತ್ತದೆ.

2009ರ ಫೆಬ್ರವರಿಯಲ್ಲಿ ಜರ್ಮನಿಯಲ್ಲಿ ಕಾರ್ಲ್ ಥಿಯೋಡೋರ್ ಗುಟ್ಟೆನ್‌ಬರ್ಗ್ ಅನ್ನುವವರು ಮಂತ್ರಿಯಾದರು. ಅವರ ಮನೆತನದ ಪದ್ಧತಿಯಂತೆ ಹೆಸರು ಬಹಳ ಉದ್ದ, ಹತ್ತು ಹೆಸರು ಸಾಲಾಗಿ ಬರುತ್ತವೆ. ಆ ಹೊತ್ತಿಗೆ ಯಾರೋ ವಿಕಿಪೀಡಿಯ ಪುಟದಲ್ಲಿ ನಡುವೆ "ವಿಲ್ಹೆಲ್ಮ್" ಅಂತ ಇನ್ನೊಂದು ಸೇರಿಸಿದರು. ದೊಡ್ಡ ದೊಡ್ಡ ಪತ್ರಿಕೆಗಳು ಆ ಹೆಸರನ್ನು ಹಾಗೇ ಅಚ್ಚು ಹಾಕಿದವು. ವಿಕಿಪೀಡಿಯದವರಿಗೆ ಅನುಮಾನ ಬಂದು ಆಧಾರ ಕೇಳಿದಾಗ, ಒಂದು ದೊಡ್ಡ ಸುದ್ದಿ ಸೈಟಿನ ವರದಿಯನ್ನೇ ತಂದು ಉಲ್ಲೇಖ ಅಂತ ಹಾಕಿದರು! ಸುಳ್ಳು ಒಂದು ಸುತ್ತು ಹೋಗಿ ಬಂದು ತನಗೆ ತಾನೇ ಸಾಕ್ಷಿ ಹೇಳಿತು.

ಅದೇ ವರ್ಷದ ಮಾರ್ಚ್‌ನಲ್ಲಿ ಸಂಗೀತ ನಿರ್ದೇಶಕ ಮೊರೀಸ್ ಜಾರ್ ತೀರಿಕೊಂಡರು. ಡಬ್ಲಿನ್ನಿನ ಒಬ್ಬ ವಿದ್ಯಾರ್ಥಿ ಅವರ ಪುಟಕ್ಕೆ ತಾನೇ ಕಟ್ಟಿದ ಒಂದು ಚಂದದ ಮಾತನ್ನು ಅವರ ಹೆಸರಿನಲ್ಲಿ ಸೇರಿಸಿದ. ಆಧಾರ ಇಲ್ಲ ಅಂತ ವಿಕಿಪೀಡಿಯದವರು ತೆಗೆದರು. ಅಷ್ಟರಲ್ಲಿ ನನ್ನ ವೃತ್ತಿಯವರು ಎತ್ತಿಕೊಂಡಾಗಿತ್ತು. ಹಲವು ದೇಶಗಳ ಶ್ರದ್ಧಾಂಜಲಿ ಬರಹಗಳಲ್ಲಿ ಆ ಮಾತು ಬಂತು, ದಿ ಗಾರ್ಡಿಯನ್‌ನಲ್ಲೂ ಬಂತು. ಸುಮಾರು ಒಂದು ತಿಂಗಳ ಮೇಲೆ ಆ ವಿದ್ಯಾರ್ಥಿಯೇ ಪತ್ರಿಕೆಗಳಿಗೆ ತಿಳಿಸಿದ. ಅವನು ಹೇಳದಿದ್ದರೆ ಇವತ್ತಿಗೂ ಅದು ಜಾರ್ ಅವರ ಮಾತೇ ಆಗಿರುತ್ತಿತ್ತು. ನನಗೆ ಇದನ್ನು ನೆನೆದಾಗಲೆಲ್ಲ ಹೊಟ್ಟೆಯೊಳಗೆ ಕಸಿವಿಸಿ.

ಅದಕ್ಕೇ ನಾನು ಮಾಡುವ ಕೆಲಸ ಹೇಳುತ್ತೇನೆ. ಅನುಮಾನದ ಸಾಲು ಸಿಕ್ಕರೆ ಪುಟದ ಇತಿಹಾಸಕ್ಕೆ ಹೋಗಿ ಆ ಸಾಲು ಮೊದಲು ಯಾವತ್ತು ಬಂತು ಅಂತ ಹುಡುಕುತ್ತೇನೆ. ಒಂದೊಂದೇ ಬದಲಾವಣೆ ನೋಡುತ್ತಾ ಹೋದರೆ ಹೊತ್ತು ಸಾಲದು. ಮಧ್ಯಕ್ಕೆ ಹಾರಿ, ಅಲ್ಲಿ ಇದೆಯಾ ಇಲ್ಲವಾ ನೋಡಿ, ಆಮೇಲೆ ಉಳಿದರ್ಧದ ಮಧ್ಯಕ್ಕೆ ಹಾರಿದರೆ ಹತ್ತು ನಿಮಿಷದಲ್ಲಿ ಸಿಗುತ್ತದೆ. ಆ ತಾರೀಖು ಬರೆದುಕೊಂಡು, ಉಲ್ಲೇಖದ ವರದಿಯ ತಾರೀಖು ನೋಡಿ. ವರದಿ ಆಮೇಲೆ ಬಂದದ್ದಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಸಾಲು ಹುಟ್ಟುವ ಮೊದಲೇ ಅಚ್ಚಾಗಿದ್ದನ್ನು ಹುಡುಕಿ. ಮೇಡಂ, ನಿಮ್ಮ ಪುಟಕ್ಕೆ ಇದನ್ನು ಮಾಡಿದ್ದೀರಾ?

ತಿದ್ದುಪೆನ್ಸಿಲ್:
ಇಲ್ಲ, ಈಗ ಮಾಡುತ್ತೇನೆ. ಮಧ್ಯಕ್ಕೆ ಹಾರುವುದು ಹೊಳೆದೇ ಇರಲಿಲ್ಲ. ನಿನ್ನೆ ಕೆಳಗಿನಿಂದ ಒಂದೊಂದೇ ನೋಡುತ್ತಾ ಕಣ್ಣು ಕೆಂಪಗಾಯಿತು.

ಹೊಸ ಖಾತೆ:
ನನ್ನದೊಂದು ಸಣ್ಣ ಅನುಮಾನ. ಆ ವ್ಯಕ್ತಿಯೇ ಬಂದು "ಇದು ತಪ್ಪು, ನನಗೇ ಗೊತ್ತು" ಅಂದರೆ? ಅವರ ಬದುಕು ಅವರಿಗಿಂತ ಚೆನ್ನಾಗಿ ನಮಗೆ ಗೊತ್ತಾ?

ಹಳೇ ಸಂಪಾದಕ:
ಇದು ನಿಜಕ್ಕೂ ಕಷ್ಟದ ಜಾಗ. 2012ರಲ್ಲಿ ಕಾದಂಬರಿಕಾರ ಫಿಲಿಪ್ ರಾತ್ ಅವರಿಗೆ ಇದೇ ಆಯಿತು. ತಮ್ಮ ಕಾದಂಬರಿಯ ಒಂದು ಪಾತ್ರಕ್ಕೆ ಯಾರು ಪ್ರೇರಣೆ ಅನ್ನುವುದು ಪುಟದಲ್ಲಿ ತಪ್ಪಾಗಿದೆ ಅಂತ ತಿದ್ದಲು ಕೇಳಿದರು. ಬೇರೆ ಕಡೆ ಪ್ರಕಟವಾದ ಆಧಾರ ಬೇಕು ಅಂತ ವಿಕಿಪೀಡಿಯದವರು ಅಂದರು. ಕೊನೆಗೆ ಅವರು ದಿ ನ್ಯೂಯಾರ್ಕರ್‌ನಲ್ಲಿ ಬಹಿರಂಗ ಪತ್ರ ಬರೆದರು, ಅದೇ ಆಧಾರ ಆಯಿತು. ಕೇಳಿದರೆ ಹಟಮಾರಿತನ ಅನಿಸುತ್ತದೆ. ಆದರೆ ಹೊರಗಿನಿಂದ ಬಂದ ಒಂದು ಖಾತೆ "ನಾನೇ ಅವರು" ಅಂದರೆ ನಂಬುವುದು ಹೇಗೆ? ಅಲ್ಲದೆ ಒಬ್ಬರಿಗೆ ತಮ್ಮ ಬದುಕು ಗೊತ್ತಿರುವುದು ಒಂದು, ಅದನ್ನು ಇದ್ದ ಹಾಗೆ ಹೇಳುವುದು ಇನ್ನೊಂದು.

ಹಾಗಂತ ಅವರನ್ನು ಓಡಿಸಬಾರದು. ದೂರು ಬಂದ ಕೂಡಲೇ ಮೊದಲು ಆ ಸಾಲಿಗೆ ಇರುವ ಆಧಾರವನ್ನು ಓದಬೇಕು. ಹತ್ತರಲ್ಲಿ ಅರ್ಧ ಸಲ ಅವರು ಹೇಳಿದ್ದೇ ಸರಿ ಇರುತ್ತದೆ, ಇದು ನನ್ನ ಅನುಭವ. ಚರ್ಚೆ ಪುಟದಲ್ಲಿ ಬರೆಯಬಹುದು ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ಸಿಟ್ಟಿನಲ್ಲಿ ಅಳಿಸುತ್ತಾರೆ, ನಾವು ಅವರನ್ನು ಪುಂಡರು ಅಂತ ತಡೆಯುತ್ತೇವೆ. ನಾನೂ ಒಮ್ಮೆ ಹಾಗೆ ಒಬ್ಬರನ್ನು ತಡೆದೆ. ಆಮೇಲೆ ನೋಡಿದರೆ ಅವರ ಮಗಳ ಹೆಸರು, ಓದುವ ಶಾಲೆ ಎಲ್ಲಾ ಪುಟದಲ್ಲಿತ್ತು, ಅದನ್ನೇ ಅವರು ತೆಗೆಯುತ್ತಿದ್ದದ್ದು. ಅವರಲ್ಲಿ ಕ್ಷಮೆ ಕೇಳಿದೆ. ಮಕ್ಕಳ ಹೆಸರು, ಮನೆ ವಿಳಾಸ, ಎಲ್ಲೂ ವ್ಯಾಪಕವಾಗಿ ಪ್ರಕಟವಾಗದ ಹುಟ್ಟಿದ ದಿನ, ಇವು ಬೇಡವೇ ಬೇಡ.

ವ್ಯಾಕರಣದ ಮೇಷ್ಟ್ರು:
ಎಲ್ಲರೂ ಆಧಾರದ ಬಗ್ಗೆ ಹೇಳಿದಿರಿ. ನಾನು ಭಾಷೆಯ ಬಗ್ಗೆ ಹೇಳುತ್ತೇನೆ, ಯಾಕೆಂದರೆ ಆಧಾರ ಸರಿ ಇದ್ದರೂ ಕನ್ನಡದ ವಾಕ್ಯವೇ ಪಕ್ಷ ವಹಿಸಿಬಿಡುತ್ತದೆ.

ಇಂಗ್ಲಿಷಿನಲ್ಲಿ ಹುಟ್ಟಿದ್ದು ಹೇಳುವುದಕ್ಕೆ ಒಂದೇ ರೂಪ. ನಮ್ಮಲ್ಲಿ "ಹುಟ್ಟಿದನು", "ಹುಟ್ಟಿದರು", "ಜನಿಸಿದರು", "ಜನ್ಮ ತಾಳಿದರು". ಕ್ರಿಯಾಪದದ ಕೊನೆಯಲ್ಲೇ ಮರ್ಯಾದೆ ಕೂತಿದೆ, ಯಾವುದನ್ನೂ ಆರಿಸದೆ ಬರೆಯಲು ಆಗುವುದೇ ಇಲ್ಲ. ಒಂದು ಪುಟದಲ್ಲಿ ನೋಡಿದೆ. ಆ ವ್ಯಕ್ತಿ ಗೆದ್ದ ವರ್ಷಗಳಲ್ಲಿ "ಆಯ್ಕೆಯಾದರು", ಬಂಧನವಾದ ಪ್ಯಾರಾದಲ್ಲಿ "ಇವನನ್ನು ಬಂಧಿಸಲಾಯಿತು", ಜಾಮೀನು ಸಿಕ್ಕ ಮೇಲೆ ಮತ್ತೆ "ಬಿಡುಗಡೆಯಾದರು". ಬರೆದವರಿಗೆ ಗೊತ್ತಾಗದೆ ಆಗಿರಬಹುದು. ಆದರೆ ಕೋರ್ಟು ಹೇಳುವ ಮೊದಲೇ ಆ "ಇವನು" ತೀರ್ಪು ಕೊಟ್ಟಾಯಿತು. ನನ್ನ ಅಭಿಪ್ರಾಯ ಕೇಳಿದರೆ, ಪುಟಕ್ಕೆ ಒಂದೇ ರೂಪ: ಅವರು. ಶಿಕ್ಷೆಯಾದವರಿಗೂ ಅವರು. ಮಾಡಿದ್ದು ಏನು ಅನ್ನುವುದು ತೀರ್ಪಿನ ಸಾಲಿನಲ್ಲಿ ಇರಲಿ, ಸರ್ವನಾಮದಲ್ಲಿ ಬೇಡ.

ಇನ್ನೊಂದು "ಹೇಳಲಾಗುತ್ತದೆ". ಯಾರು ಹೇಳಿದ್ದು? ಮನೆಯಲ್ಲಿ ಮಾತಾಡುವಾಗ ನಾವು "ಅಂತೆ" ಅನ್ನುತ್ತೇವಲ್ಲ, ಅದೇ ಇದು, ಪ್ಯಾಂಟು ಷರ್ಟು ಹಾಕಿಕೊಂಡು ಬಂದಿದೆ ಅಷ್ಟೇ. "ಎನ್ನಲಾಗಿದೆ", "ನಂಬಲಾಗಿದೆ", "ಮೂಲಗಳ ಪ್ರಕಾರ", ಎಲ್ಲಾ ಅಂತೆಯ ಅಣ್ಣತಮ್ಮಂದಿರು. ಎಲ್ಲಿ ಇಂಥ ಮಾತು ಇದೆಯೋ ಅಲ್ಲಿ ಕರ್ತೃವನ್ನು ಹಾಕಲು ನೋಡಿ. ಹಾಕಲು ಆಗದಿದ್ದರೆ ಸಾಲೇ ಬೇಡ.

"ಹೇಳಿದರು" ಅನ್ನುವ ಜಾಗಕ್ಕೆ "ಒಪ್ಪಿಕೊಂಡರು" ಬಂದರೆ ತಪ್ಪು ಮಾಡಿದ್ದರು ಅಂತ ಆಗುತ್ತದೆ. "ಸ್ಪಷ್ಟಪಡಿಸಿದರು" ಅಂದರೆ ಅವರು ಹೇಳಿದ್ದೇ ನಿಜ ಅಂತ ನಾವು ಸಹಿ ಹಾಕಿದಂತೆ. "ಜಾರಿಕೊಂಡರು", "ಸಮರ್ಥಿಸಿಕೊಂಡರು" ಕೂಡ ಹಾಗೇ. ಬೇಜಾರಾದರೂ ಪರವಾಗಿಲ್ಲ, "ಹೇಳಿದರು" ಅಂತಲೇ ಹತ್ತು ಸಲ ಬರೆಯಿರಿ. "ಧೀಮಂತ", "ಮೇರು", "ನಾಡು ಕಂಡ", "ಹೆಮ್ಮೆಯ" ಇವನ್ನು ತೆಗೆದು, ಅವರು ಏನು ಮಾಡಿದರು ಅನ್ನುವುದನ್ನು ವರ್ಷದ ಸಮೇತ ಹಾಕಿ. ನಿಜಕ್ಕೂ ದೊಡ್ಡ ಕೆಲಸ ಆಗಿದ್ದರೆ ಓದುಗರೇ ತಲೆದೂಗುತ್ತಾರೆ.

ಎದುರುಪ್ರಶ್ನೆ:
ಮೇಷ್ಟ್ರೇ, ಸರ್ವನಾಮದ ವಿಷಯದಲ್ಲಿ ನಾನು ವಾದ ಮಾಡಬೇಕು ಅಂತ ಶುರು ಮಾಡಿ ಎರಡು ಸಲ ಅಳಿಸಿದೆ. ಕೊಲೆ ಮಾಡಿ ಶಿಕ್ಷೆಯಾದವರಿಗೆ "ಅವರು" ಅನ್ನಲು ಕೈ ಬರುವುದಿಲ್ಲ, ಸತ್ತವರ ಮನೆಯವರು ಓದಿದರೆ ಏನನಿಸುತ್ತದೆ ಅನ್ನುವ ಯೋಚನೆ ಬರುತ್ತದೆ. ಆದರೆ ಗೆರೆ ಎಲ್ಲಿ ಎಳೆಯುವುದು ಅನ್ನುವುದಕ್ಕೂ ನನ್ನ ಬಳಿ ಉತ್ತರ ಇಲ್ಲ. ಸದ್ಯಕ್ಕೆ ನಿಮ್ಮ ಮಾತೇ ಇರಲಿ.

ಮೇಡಂ ಕೇಳಿದ 19ಕ್ಕೆ 11ರ ಲೆಕ್ಕಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಅದೂ ಪಕ್ಷಪಾತವೇ. ಪ್ರತಿ ಸಾಲಿಗೂ ಗಟ್ಟಿ ಆಧಾರ ಇದ್ದು, ಪ್ರತಿ ಸಾಲೂ ನಿಜವೇ ಆಗಿದ್ದು, ಪುಟ ಒಟ್ಟಾರೆ ಸುಳ್ಳು ಹೇಳಬಹುದು. ಹತ್ತು ದಿನದ ಸುದ್ದಿಗೆ ನೂರು ವರದಿ ಸಿಗುತ್ತವೆ, ಮೂವತ್ತು ವರ್ಷದ ಕೆಲಸಕ್ಕೆ ಹಳೆಯ ಪತ್ರಿಕೆ ಹುಡುಕಬೇಕು. ಸುಲಭವಾಗಿ ಸಿಕ್ಕಿದ್ದು ಪುಟ ತುಂಬುತ್ತದೆ, ಅಷ್ಟೇ. ಹಾಗಂತ ಅರ್ಧ ಹೊಗಳಿಕೆ ಅರ್ಧ ತೆಗಳಿಕೆ ಮಾಡಿ ತಕ್ಕಡಿ ಸಮ ಮಾಡುವುದೂ ಅಲ್ಲ. ಆ ವ್ಯಕ್ತಿಯ ಬಗ್ಗೆ ವಿಚಾರ ಮಾಡಿ ಬರೆದವರು ಯಾವುದಕ್ಕೆ ಎಷ್ಟು ಜಾಗ ಕೊಟ್ಟಿದ್ದಾರೋ ಅಷ್ಟು. "ವಿವಾದಗಳು" ಅಂತ ಬೇರೆ ತಲೆಬರಹ ಹಾಕಿದರೆ ಅದು ಕಸದ ಬುಟ್ಟಿ ಆಗುತ್ತದೆ, ಎಲ್ಲರೂ ಬಂದು ಒಂದೊಂದು ಎಸೆಯುತ್ತಾರೆ. ಆ ಘಟನೆ ನಡೆದ ವರ್ಷದ ಪ್ಯಾರಾದೊಳಗೇ ಸೇರಿಸಿ.

ಸುದ್ದಿಮನೆ:
ಇಲ್ಲದಿರುವ ಪುಟಗಳೂ ಇದೇ ಲೆಕ್ಕಕ್ಕೆ ಬರುತ್ತವೆ. 2018ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಡೊನ್ನಾ ಸ್ಟ್ರಿಕ್‌ಲ್ಯಾಂಡ್ ಅವರ ಬಗ್ಗೆ ಅದೇ ಮೇ ತಿಂಗಳಲ್ಲಿ ಒಬ್ಬರು ಕರಡು ಬರೆದಿದ್ದರು. ಸಾಕಷ್ಟು ಆಧಾರ ಇಲ್ಲ ಅಂತ ತಿರಸ್ಕಾರವಾಯಿತು. ಅಕ್ಟೋಬರ್ 2ರಂದು ಬಹುಮಾನ ಘೋಷಣೆ ಆದ ಮೇಲೆಯೇ ಪುಟ ಬಂದದ್ದು. ಅವರ ಜೊತೆ ಬಹುಮಾನ ಹಂಚಿಕೊಂಡ ಅವರ ಪಿಎಚ್‌ಡಿ ಗುರುವಿನ ಪುಟ ಅದಕ್ಕೂ ಮೊದಲೇ ಇತ್ತು. ಇಂಗ್ಲಿಷ್ ವಿಕಿಪೀಡಿಯದ ಜೀವನಚರಿತ್ರೆಗಳಲ್ಲಿ ಹೆಣ್ಣುಮಕ್ಕಳದು ಸುಮಾರು ಐದರಲ್ಲಿ ಒಂದು ಪಾಲು ಅಷ್ಟೇ. ತಪ್ಪು ವಿಕಿಪೀಡಿಯದವರದ್ದು ಮಾತ್ರ ಅಲ್ಲ. ಪತ್ರಿಕೆಯವರಾದ ನಾವು ಅವರ ಬಗ್ಗೆ ಬರೆದೇ ಇಲ್ಲದಿದ್ದರೆ ಆಧಾರ ಎಲ್ಲಿಂದ ತರುತ್ತೀರಿ? ಇರುವ ಪುಟಗಳಲ್ಲೂ ಗಮನಿಸಿ, ಹೆಂಗಸಿನ ಪುಟದ ಎರಡನೇ ಸಾಲಿಗೇ ಗಂಡ ಬಂದುಬಿಡುತ್ತಾನೆ.

ಹೊಸ ಖಾತೆ:
ನಾನು ಇಂಗ್ಲಿಷ್ ಪುಟಗಳನ್ನು ಅನುವಾದ ಮಾಡಿ ಹಾಕುತ್ತಿದ್ದೆ. ಅಲ್ಲಿರುವ ಉಲ್ಲೇಖಗಳು ಹಾಗೇ ಬರುತ್ತವೆ, ನಾನು ಒಂದನ್ನೂ ಓದಿಲ್ಲ. ಇದೂ ತಪ್ಪಾ?

ಹಳೇ ಸಂಪಾದಕ:
ತಪ್ಪು ಅಂತ ಬೈಯುವುದಿಲ್ಲ, ನಾವೆಲ್ಲ ಹಾಗೇ ಶುರು ಮಾಡಿದವರು. ಆದರೆ ಅಪಾಯ ಇದೆ. ನೀವು ಅನುವಾದ ಮಾಡಿದ ಮಾರನೇ ದಿನ ಅಲ್ಲಿ ಸುಳ್ಳನ್ನು ತಿದ್ದಿರುತ್ತಾರೆ, ಇಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತದೆ. ಚಿಕ್ಕ ಭಾಷೆಗಳ ವಿಕಿಪೀಡಿಯದಲ್ಲಿ ಕಾಯುವ ಕಣ್ಣು ಕಡಿಮೆ. ಇಂಗ್ಲಿಷಿನಲ್ಲಿ 2009ರ ಜನವರಿ 20ರಂದು ಆ ಕೆನಡಿಗಳ ತಮ್ಮ, ಸೆನೆಟರ್ ಟೆಡ್ ಕೆನಡಿ ಊಟದ ಹೊತ್ತಿನಲ್ಲಿ ಕುಸಿದಾಗ ಪುಟದಲ್ಲಿ ಅವರು ಸತ್ತರು ಅಂತ ಬಂದು, ಬೇಗನೆ ಹೋಯಿತು. ಅವರು ತೀರಿಕೊಂಡದ್ದು ಆಗಸ್ಟ್‌ನಲ್ಲಿ. ಇಲ್ಲಿ ಅಂಥ ಸಾಲು ಬಿದ್ದರೆ ಯಾರು ನೋಡುತ್ತಾರೆ? ಬದುಕಿರುವವರ ಪುಟವಾದರೆ ಪ್ರತಿ ಉಲ್ಲೇಖವನ್ನು ತೆರೆದು ಓದಿ. ಓದಲು ಆಗದಿದ್ದನ್ನು ಬಿಟ್ಟುಬಿಡಿ. ಪುಟ ಚಿಕ್ಕದಾದರೆ ಆಗಲಿ.

ತಿದ್ದುಪೆನ್ಸಿಲ್:
ಇತಿಹಾಸ ನೋಡಿದೆ. ಸುದ್ದಿಮನೆ ಹೇಳಿದ ಹಾಗೆ ಮಧ್ಯಕ್ಕೆ ಹಾರುತ್ತಾ ಹೋದೆ, ಎಂಟನೇ ಸಲಕ್ಕೆ ಸಿಕ್ಕಿತು. ಆಸ್ತಿಯ ಸಾಲು ಎರಡು ವರ್ಷದ ಹಿಂದೆ ಬಂದದ್ದು, ಉಲ್ಲೇಖದ ಸೈಟಿನ ತಾರೀಖು ಅದಕ್ಕಿಂತ ಐದು ತಿಂಗಳು ಆಮೇಲಿನದ್ದು. ಸಾಲು ತೆಗೆದು ಎರಡೂ ತಾರೀಖು ಚರ್ಚೆ ಪುಟದಲ್ಲಿ ಬರೆದಿದ್ದೇನೆ. ವಾಪಸ್ ಹಾಕುತ್ತಿದ್ದವರು ಬಂದು ನೋಡಿ "ಸರಿ, ಇದು ನನಗೆ ಗೊತ್ತಿರಲಿಲ್ಲ" ಅಂದರು. ಅಷ್ಟು ಸಾಕು ನನಗೆ.

ವಿವಾದದ 11 ಪ್ಯಾರಾವನ್ನು ಎರಡು ಮಾಡಿದ್ದೇನೆ. ಯಾರು ಯಾವ ಆರೋಪ ಮಾಡಿದರು, ಇವರು ಏನು ಹೇಳಿದರು, ತನಿಖೆ ಎಲ್ಲಿಗೆ ಬಂದು ನಿಂತಿತು. ತಲೆಬರಹ ತೆಗೆದು ಆ ವರ್ಷದ ಕೆಳಗೆ ಹಾಕಿದೆ. "ಜನಮೆಚ್ಚಿದ ಧೀಮಂತ" ಹೋಯಿತು. ಅಭಿಮಾನಿಗಳಲ್ಲಿ ಒಬ್ಬರು ಸಿಟ್ಟಾಗಿದ್ದಾರೆ. ಹಳೆಯ ಕೆಲಸದ ಬಗ್ಗೆ ಪತ್ರಿಕೆಯಲ್ಲಿ ಬಂದದ್ದು ಇದ್ದರೆ ತಂದುಕೊಡಿ, ಆ ನಾಲ್ಕು ಪ್ಯಾರಾ ಬೆಳೆಸೋಣ ಅಂತ ಬರೆದೆ. ಮೂರು ಕತ್ತರಿಕೆಗಳ ಫೋಟೋ ಕಳಿಸಿದ್ದಾರೆ. ಎರಡರಲ್ಲಿ ತಾರೀಖು ಕಾಣುತ್ತಿಲ್ಲ, ಮೇಲಿನ ಅಂಚು ಹರಿದಿದೆ. ಪತ್ರಿಕೆಯ ಹೆಸರು ಇದೆ. ಗ್ರಂಥಾಲಯದ ಹಳೆಯ ಸಂಚಿಕೆಗಳಲ್ಲಿ ಹುಡುಕಲು ಯಾರಾದರೂ ಜೊತೆ ಕೊಡುತ್ತೀರಾ?

ವ್ಯಾಕರಣದ ಮೇಷ್ಟ್ರು:
ನಾನು ಬರುತ್ತೇನೆ. ಹರಿದ ಅಂಚಿನ ಫೋಟೋ ಇಲ್ಲಿ ಹಾಕಿ. ಹಿಂಬದಿಯ ಜಾಹೀರಾತಿನ ಫೋಟೋವನ್ನೂ ಕೇಳಿ, ಅದರಲ್ಲಿ ತಿಂಗಳು ಸಿಗಬಹುದು.